ಕೈಯಲ್ಲಿ ಎಲೆ, ತಲೆಯಲ್ಲಿ ಲೆಕ್ಕ

ಇಸ್ಪೀಟಾಟದಲ್ಲಿ ಒಳ್ಳೆಯ ಎಲೆ ಬಿದ್ದವನೇ ಗೆಲ್ಲುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಪೋಕರ್ ಆಟದ ಸ್ವಾರಸ್ಯ ಇರುವುದೇ ಈ ನಂಬಿಕೆ ಸುಳ್ಳಾಗುವಲ್ಲಿ. ಕೈಯಲ್ಲಿ ಏನೂ ಇಲ್ಲದವನು ದೊಡ್ಡ ಪಣ ಒಡ್ಡಿ, ಎಕ್ಕ ರಾಜರನ್ನು ಹಿಡಿದು ಕುಳಿತವನನ್ನೇ ಹೆದರಿಸಿ ಎಬ್ಬಿಸಬಲ್ಲ. ಹಾಗಾದರೆ ಇದು ಅದೃಷ್ಟದ ಆಟವೋ, ಬುದ್ಧಿಯ ಆಟವೋ? ಗಣಿತಜ್ಞರಿಂದ ನ್ಯಾಯಾಧೀಶರವರೆಗೆ ಹಲವರು ತಲೆ ಕೆಡಿಸಿಕೊಂಡ ಪ್ರಶ್ನೆ ಇದು.

19ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಬೆಳೆದ ಆಟ ಪೋಕರ್. ಇಂದು ಹೆಚ್ಚು ಬಳಕೆಯಲ್ಲಿರುವ ‘ಟೆಕ್ಸಾಸ್ ಹೋಲ್ಡೆಮ್’ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಮೊದಲು ಮೂರು, ಬಳಿಕ ಒಂದೊಂದು. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಎಲ್ಲರೂ ಹಿಂದೆ ಸರಿದರೆ ಉಳಿದವನು ತನ್ನ ಎಲೆ ತೋರಿಸದೆಯೇ ಹಣ ಬಾಚಿಕೊಳ್ಳುತ್ತಾನೆ.

ಒಂದು ಲೆಕ್ಕ

ಒಬ್ಬನ ಕೈಯಲ್ಲಿ ಎರಡು ಆಟೀನು ಎಲೆಗಳಿವೆ ಎನ್ನೋಣ. ಮೇಜಿನ ಮೇಲಿನ ನಾಲ್ಕು ಎಲೆಗಳಲ್ಲೂ ಎರಡು ಆಟೀನು. ಇನ್ನೊಂದು ಬಿದ್ದರೆ ಒಂದೇ ಗುರುತಿನ ಐದು ಎಲೆ ಕೂಡಿ ಆಟ ಅವನದು; ಇಲ್ಲದಿದ್ದರೆ ಸೋಲು. ಅವನಿಗೆ ಕಾಣದ ಎಲೆಗಳು 46. ಅವುಗಳಲ್ಲಿ ಆಟೀನು 9. ಅಂದರೆ ಗೆಲ್ಲುವ ಸಾಧ್ಯತೆ ಸುಮಾರು ಶೇ 20.

ಮೇಜಿನ ನಡುವೆ 100 ರೂಪಾಯಿ ಇದೆ. ಎದುರಾಳಿ 50 ರೂಪಾಯಿ ಪಣ ಒಡ್ಡುತ್ತಾನೆ. ಇವನೂ 50 ಹಾಕಬೇಕೇ? ಇಂಥ ಸನ್ನಿವೇಶ 46 ಬಾರಿ ಬಂದರೆ ಸರಾಸರಿ 9 ಸಲ ಗೆದ್ದು, ಸಲಕ್ಕೆ 150ರಂತೆ 1,350 ರೂಪಾಯಿ ಪಡೆಯುತ್ತಾನೆ. ಉಳಿದ 37 ಸಲ 50ರಂತೆ 1,850 ರೂಪಾಯಿ ಕಳೆದುಕೊಳ್ಳುತ್ತಾನೆ. ಒಟ್ಟು ನಷ್ಟ 500. ಆದ್ದರಿಂದ ಎಲೆ ಕೆಳಗಿಡುವುದೇ ಜಾಣತನ. ಎದುರಾಳಿಯ ಪಣ 20 ರೂಪಾಯಿ ಮಾತ್ರವಾಗಿದ್ದರೆ? ಗಳಿಕೆ 1,080, ನಷ್ಟ 740. ಈಗ ಆಡುವುದೇ ಸರಿ. ಎಲೆಗಳು ಅವೇ, ಅದೃಷ್ಟವೂ ಅದೇ. ಕೇಳಿದ ಬೆಲೆ ಬದಲಾದುದರಿಂದ ತೀರ್ಮಾನ ಬದಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸರಿಯಾಗಿ ಲೆಕ್ಕ ಹಾಕಿ ಆಡಿದವನೂ ಈ ಕೈ ಸೋಲಬಹುದು. ತಪ್ಪಾಗಿ ಆಡಿದವನೂ ಗೆಲ್ಲಬಹುದು. ಫಲಿತಾಂಶ ನೋಡಿ ತೀರ್ಮಾನದ ಗುಣ ಅಳೆಯುವವನು ಪೋಕರ್ ಕಲಿಯಲಾರ. ಗೆದ್ದ ತಪ್ಪು ಅವನಿಗೆ ಜಾಣತನವಾಗಿ ಕಾಣುತ್ತದೆ, ಮತ್ತೆ ಅದನ್ನೇ ಮಾಡುತ್ತಾನೆ.

ಸುಳ್ಳಿಗೂ ಗಣಿತ

ಕೈಯಲ್ಲಿ ಏನೂ ಇಲ್ಲದೆ ಪಣ ಒಡ್ಡುವ ‘ಬ್ಲಫ್’ ಕೇವಲ ಧೈರ್ಯದ ಮಾತಲ್ಲ ಎಂದು ತೋರಿಸಿದವರು ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಜಾನ್ ವಾನ್ ನಾಯ್ಮನ್. ಆಟಗಳ ಸಿದ್ಧಾಂತದ ಬುನಾದಿ ಹಾಕಿದ ಅವರ ಪ್ರಬಂಧ ಪ್ರಕಟವಾದದ್ದು 1928ರಲ್ಲಿ. ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜತೆ 1944ರಲ್ಲಿ ಅವರು ಹೊರತಂದ ಗ್ರಂಥದಲ್ಲಿ ಪೋಕರ್‌ನ ಸರಳ ರೂಪವೊಂದರ ವಿಶ್ಲೇಷಣೆಯಿದೆ. ಅದರ ಸಾರ ಅಚ್ಚರಿಯದು: ದೊಡ್ಡ ಪಣ ಒಡ್ಡಬೇಕಾದದ್ದು ಬಹಳ ಒಳ್ಳೆಯ ಎಲೆಗಳಿದ್ದಾಗ ಮತ್ತು ಬಹಳ ಕೆಟ್ಟ ಎಲೆಗಳಿದ್ದಾಗ. ನಡುತರದ ಎಲೆಯಿದ್ದರೆ ಸುಮ್ಮನಿರುವುದು ಲೇಸು.

ಕಾರಣ ಸರಳ. ಎಂದೂ ಸುಳ್ಳಾಡದವನು ಪಣ ಒಡ್ಡಿದಾಗ ಎಲ್ಲರೂ ಹಿಂದೆ ಸರಿಯುತ್ತಾರೆ. ಒಳ್ಳೆಯ ಎಲೆಗೂ ಬೆಲೆ ಸಿಗುವುದಿಲ್ಲ. ಸದಾ ಸುಳ್ಳಾಡುವವನನ್ನು ಯಾರೂ ನಂಬುವುದಿಲ್ಲ. ನಡುವೆ 100 ರೂಪಾಯಿ ಇದ್ದಾಗ ಕೊನೆಯ ಸುತ್ತಿನಲ್ಲಿ 100 ಪಣ ಒಡ್ಡುವವನು ಮೂರರಲ್ಲಿ ಒಂದು ಸಲ ಸುಳ್ಳಾಡಿದರೆ, ಎದುರಾಳಿ ಪ್ರತಿ ಸಲ ಪಣಕ್ಕೆ ಪಣ ಕಟ್ಟಿದರೂ ಎರಡು ಬಾರಿ 100ರಂತೆ ಸೋತು ಒಂದು ಬಾರಿ 200 ಗೆಲ್ಲುತ್ತಾನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಯಾವುದು ಸುಳ್ಳೆಂದು ಹಿಡಿಯಲು ಅವನಿಗೆ ದಾರಿಯೇ ಇರುವುದಿಲ್ಲ.

ಮುಖ ನೋಡಿ ಮನಸ್ಸು ಓದುವುದೇ ಪೋಕರ್ ಎಂಬ ಮಾತಿಗೆ 2017ರ ಜನವರಿಯಲ್ಲಿ ಪೆಟ್ಟು ಬಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುವೊಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ವೃತ್ತಿಪರರ ಎದುರು 20 ದಿನಗಳಲ್ಲಿ 1,20,000 ಕೈ ಆಡಿ, 17 ಲಕ್ಷ ಡಾಲರ್‌ಗೂ ಹೆಚ್ಚು ಮೌಲ್ಯದ ಬಿಲ್ಲೆಗಳ ಮುನ್ನಡೆಯಿಂದ ಗೆದ್ದಿತು. ಅದು ಯಾರ ಮುಖವನ್ನೂ ನೋಡಲಿಲ್ಲ. ರಾತ್ರಿಯೆಲ್ಲ ತನ್ನ ಆಟದ ತೂತುಗಳನ್ನು ಮುಚ್ಚಿಕೊಳ್ಳುತ್ತಿತ್ತು.

ಯಂತ್ರಕ್ಕಿದ್ದ ಇನ್ನೊಂದು ಅನುಕೂಲವೆಂದರೆ ಅದಕ್ಕೆ ಸಿಟ್ಟು ಬರುತ್ತಿರಲಿಲ್ಲ. ಧರ್ಮರಾಯ ಸೋತದ್ದು ಶಕುನಿಯ ಕೈಚಳಕದಿಂದ ಮಾತ್ರವಲ್ಲ. ಹೋದದ್ದನ್ನು ಮರಳಿ ಪಡೆಯುವ ಹಠದಲ್ಲಿ ಪಣ ಏರಿಸುತ್ತ ಹೋದದ್ದರಿಂದಲೂ. ಪೋಕರ್ ಆಟಗಾರರು ಈ ಸ್ಥಿತಿಯನ್ನು ‘ಟಿಲ್ಟ್’ ಎನ್ನುತ್ತಾರೆ. ಮೇಜಿನ ನಡುವೆ ಹಾಕಿದ ಹಣ ಆಗಲೇ ಕೈಬಿಟ್ಟು ಹೋಗಿದೆ. ಇನ್ನು ಹಾಕಬೇಕಾದದ್ದು ಮಾತ್ರ ಲೆಕ್ಕಕ್ಕೆ ಬರಬೇಕು. ತಿಳಿದವರೂ ಮರೆಯುವ ಪಾಠವಿದು.

ನ್ಯಾಯಾಲಯದ ಮೆಟ್ಟಿಲು

ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಪೋಕರ್ ಅನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೆ 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜೆಂದು ಪರಿಗಣಿಸಿತು. ಆನ್‌ಲೈನ್ ಆಟಗಳಿಗೆ ತಡೆಯೊಡ್ಡಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಈ ವಾದವನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡಿಸುವುದಕ್ಕೇ ಅದು ನಿಷೇಧ ಹೇರಿತು.

ಕೌಶಲದ ಆಟ ಎಂಬ ಮಾತನ್ನು ಆಡುವವನು ತನಗೆ ಸಿಕ್ಕ ಭರವಸೆ ಎಂದು ಭಾವಿಸುವುದೇ ಅಪಾಯ. ಪೋಕರ್‌ನಲ್ಲಿ ಒಬ್ಬನ ಗಳಿಕೆ ಮತ್ತೊಬ್ಬನ ನಷ್ಟ. ಆಡಿಸುವವರು ಪ್ರತಿ ಕೈಯಿಂದಲೂ ತಮ್ಮ ಪಾಲು ಮುರಿದುಕೊಂಡರೆ ಆಟಗಾರರೆಲ್ಲ ಒಟ್ಟಾಗಿ ಸೋಲಲೇಬೇಕು. ಆಟದಲ್ಲಿ ಕೌಶಲ ಇರುವುದು ನಿಜ. ಆದರೆ ಅದು ಎದುರು ಕುಳಿತವನಲ್ಲಿ ಹೆಚ್ಚಿದ್ದರೆ, ಆ ಕೌಶಲಕ್ಕೆ ಬೆಲೆ ತೆರುವವನು ಯಾರೆಂಬುದನ್ನು ಪಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.