ನಿಮ್ಮ ಸೀಟಿನ ಕೆಳಗೆ ಏನಿದೆ?

ಗಲ್ಫ್‌ಗೆ ಹೊರಡುವವರ ಮನೆಯಲ್ಲಿ ಹಿಂದಿನ ರಾತ್ರಿ ಯಾರೂ ಬೇಗ ಮಲಗುವುದಿಲ್ಲ. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಹುಡಿ, ಬಾಳೆಕಾಯಿ ಚಿಪ್ಸ್ ಎಲ್ಲವನ್ನೂ ತುಂಬಿ, ತೂಗಿ, ತೂಕ ಹೆಚ್ಚಾಯಿತೆಂದು ತೆಗೆದು, ಮತ್ತೆ ತುಂಬಿ ಪೆಟ್ಟಿಗೆ ಕಟ್ಟುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದ್ದೇ. ಅಷ್ಟರಲ್ಲಿ ನೆರೆಮನೆಯವರು ಒಂದು ಕಟ್ಟು ಹಿಡಿದುಕೊಂಡು ಬರುತ್ತಾರೆ. 'ನಮ್ಮ ಹುಡುಗನಿಗೆ ಇಷ್ಟು ಮುಟ್ಟಿಸಿ ಬಿಡಿ' ಎನ್ನುತ್ತಾರೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಆ ಪೆಟ್ಟಿಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಮ್ಮ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ, ಅದರ ಪಕ್ಕದಲ್ಲಿ ಇನ್ನೇನಿರುತ್ತದೆ ಎಂದು ನೀವು ಯೋಚಿಸಿದ್ದೀರಾ?

ವಿಮಾನದ ಹೊಟ್ಟೆಯೊಳಗೆ

ನಾವು ಕುಳಿತುಕೊಳ್ಳುವುದು ವಿಮಾನದ ಮೇಲಿನ ಅರ್ಧದಲ್ಲಿ. ನಮ್ಮ ಕಾಲಡಿಯಲ್ಲಿ ಇನ್ನೊಂದು ಅರ್ಧವಿದೆ. ಪ್ರಯಾಣಿಕರ ಪೆಟ್ಟಿಗೆಗಳನ್ನಿಟ್ಟು ಅಲ್ಲಿ ಉಳಿಯುವ ಜಾಗವನ್ನು ವಿಮಾನ ಕಂಪೆನಿಗಳು ಸರಕು ಸಾಗಿಸಲು ಬಳಸುತ್ತವೆ. ಬೋಯಿಂಗ್ 777ರಂತಹ ದೊಡ್ಡ ವಿಮಾನವೊಂದು ಪ್ರಯಾಣಿಕರ ಜೊತೆಗೆ ಸುಮಾರು 20 ಟನ್ ಸರಕನ್ನು ಹೊರಬಲ್ಲದು. ಕೋಝಿಕ್ಕೋಡ್‌ನಿಂದ ಗಲ್ಫ್‌ಗೆ ಹೋಗುವ ತರಕಾರಿ, ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಗುಲಾಬಿ, ಔಷಧ, ಯಂತ್ರದ ಬಿಡಿಭಾಗ ಎಲ್ಲವೂ ಹೀಗೆ ಸಾಗುತ್ತವೆ. ಪರದೇಶದಲ್ಲಿ ಕಣ್ಮುಚ್ಚಿದ ನಮ್ಮವರ ಮಯ್ಯಿತ್ ಊರಿಗೆ ಬರುವುದೂ ಹೆಚ್ಚಾಗಿ ಇದೇ ಜಾಗದಲ್ಲಿ.

ಇದು ಎಷ್ಟು ದೊಡ್ಡ ವ್ಯವಸ್ಥೆ ಎಂಬುದು 2020ರಲ್ಲಿ ಜಗತ್ತಿಗೆ ಅರಿವಾಯಿತು. ಅಲ್ಲಿಯವರೆಗೆ ಜಗತ್ತಿನ ವಿಮಾನ ಸರಕಿನ ಸುಮಾರು ಅರ್ಧದಷ್ಟು ಪ್ರಯಾಣಿಕರ ವಿಮಾನಗಳಲ್ಲೇ ಹೋಗುತ್ತಿತ್ತು. ಕೊರೋನಾದಿಂದ ಆ ವಿಮಾನಗಳು ನಿಂತಾಗ ಸರಕಿನ ದಾರಿಯೂ ಮುಚ್ಚಿತು. ಆಗ ಪ್ರಯಾಣಿಕರಿಲ್ಲದ ವಿಮಾನಗಳ ಸೀಟಿನ ಮೇಲೆಯೇ ಪೆಟ್ಟಿಗೆಗಳನ್ನಿಟ್ಟು ಸಾಗಿಸಿದರು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 7ರಂದು ಸ್ಪೈಸ್‌ಜೆಟ್ ದೆಹಲಿಯಿಂದ ಚೆನ್ನೈಗೆ ಹೀಗೆ ಅಗತ್ಯ ವಸ್ತುಗಳನ್ನು ಒಯ್ದಿತು. 2021ರ ಜನವರಿ 12ರಂದು ಪುಣೆಯಿಂದ ಲಸಿಕೆಯ ಮೊದಲ ಪೆಟ್ಟಿಗೆಗಳನ್ನು ಬೆಂಗಳೂರಿಗೂ ಇತರ ನಗರಗಳಿಗೂ ಮುಟ್ಟಿಸಿದ್ದು ನಾವು ನೀವು ಪ್ರಯಾಣಿಸುವ ಕಂಪೆನಿಗಳೇ.

ಆದರೆ ಸೀಟಿನ ಮೇಲೆ ಸರಕಿಡುವುದು ಕಷ್ಟಕಾಲದ ಏರ್ಪಾಡು ಮಾತ್ರವಾಗಿತ್ತು. ಯುರೋಪಿನ ವಾಯುಯಾನ ಸುರಕ್ಷಾ ಸಂಸ್ಥೆ 2022ರ ಜುಲೈ ನಂತರ ಅದಕ್ಕೆ ಅನುಮತಿ ಮುಂದುವರಿಸಲಿಲ್ಲ. ಸೀಟಿನ ಮೇಲೆ ಸರಕಿಟ್ಟರೆ ಬೆಂಕಿಯ ಭಯವೂ ಇದೆ. ಕೆಳಗಿನ ಸರಕಿನ ಕೋಣೆಯಲ್ಲಿ ಹೊಗೆಯನ್ನು ಪತ್ತೆ ಹಚ್ಚುವ, ಬೆಂಕಿಯನ್ನು ಅಡಗಿಸುವ ಉಪಕರಣಗಳಿವೆ. ಜನರು ಕುಳಿತುಕೊಳ್ಳುವ ಜಾಗವನ್ನು ಸರಕಿನ ಬೆಂಕಿ ತಡೆಯುವಂತೆ ಕಟ್ಟಿರುವುದಿಲ್ಲ.

'ಖಾಲಿ' ಎಂದು ಬರೆದ ಚೀಟಿ

ಆ ಉಪಕರಣಗಳು ಎಲ್ಲ ವಿಮಾನಗಳಲ್ಲೂ ಮೊದಲಿನಿಂದ ಇರಲಿಲ್ಲ. ಅವು ಕಡ್ಡಾಯವಾದದ್ದರ ಹಿಂದೆ ಒಂದು ದುರಂತವಿದೆ.

1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಕ್ಕೆ ವ್ಯಾಲ್ಯೂಜೆಟ್ ಕಂಪೆನಿಯ ವಿಮಾನವೊಂದು ಹೊರಟಿತು. ಅದರ ಕೆಳಕೋಣೆಯಲ್ಲಿ ಕೆಲವು ರಟ್ಟಿನ ಪೆಟ್ಟಿಗೆಗಳಿದ್ದವು. ಸರಕಿನ ಚೀಟಿಯಲ್ಲಿ ಆಮ್ಲಜನಕದ ಡಬ್ಬಿಗಳು, 'ಖಾಲಿ' ಎಂದು ಬರೆದಿತ್ತು. ಅವು ಖಾಲಿಯಾಗಿರಲಿಲ್ಲ. ಬೇರೆ ವಿಮಾನಗಳಿಂದ ತೆಗೆದ, ಅವಧಿ ಮುಗಿದ ಆಮ್ಲಜನಕ ಉತ್ಪಾದಿಸುವ ಸಾಧನಗಳು ಅವು. ಕೆಲಸ ಮಾಡುವಾಗ ವಿಪರೀತ ಬಿಸಿಯಾಗುವಂಥವು. ಅವುಗಳಿಗೆ ತೊಡಿಸಬೇಕಾಗಿದ್ದ ಸುರಕ್ಷತೆಯ ಮುಚ್ಚಳಗಳನ್ನು ತೊಡಿಸಿರಲಿಲ್ಲ.

ಗಾಳಿಯಾಡದ ಕೋಣೆಯಲ್ಲಿ ಬೆಂಕಿ ತಾನಾಗಿ ಆರುತ್ತದೆ ಎಂಬ ನಂಬಿಕೆಯಿಂದ ಆ ಕೋಣೆಯಲ್ಲಿ ಹೊಗೆಯನ್ನು ಪತ್ತೆ ಹಚ್ಚುವ ಸಾಧನವನ್ನೂ ಇಟ್ಟಿರಲಿಲ್ಲ. ಆದರೆ ಹತ್ತಿಕೊಂಡ ಬೆಂಕಿಗೆ ಆ ಡಬ್ಬಿಗಳೇ ಆಮ್ಲಜನಕ ಕೊಟ್ಟವು. ವಿಮಾನ ಮೇಲೇರಿದ ಹತ್ತೇ ನಿಮಿಷದಲ್ಲಿ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶಕ್ಕೆ ಬಿತ್ತು. 110 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. 1998ರಲ್ಲಿ ಅಮೆರಿಕ ಸರಕಾರ ಅಂತಹ ಕೋಣೆಗಳಲ್ಲೂ ಹೊಗೆ ಪತ್ತೆ ಮಾಡುವ, ಬೆಂಕಿ ಅಡಗಿಸುವ ವ್ಯವಸ್ಥೆ ಇರಲೇಬೇಕೆಂದು ನಿಯಮ ಮಾಡಿತು.

ಉಪಕರಣಗಳು ಬಂದವು, ನಿಜ. ಆದರೆ ಆ ದುರಂತ ಶುರುವಾದದ್ದು ಎಲ್ಲಿಂದ? ಪೆಟ್ಟಿಗೆಯೊಳಗೆ ಇದ್ದದ್ದೊಂದು, ಚೀಟಿಯಲ್ಲಿ ಬರೆದದ್ದೊಂದು. ಮೇಲೆ ಕುಳಿತವರಿಗೆ ಅದರ ಸುಳಿವೇ ಇರಲಿಲ್ಲ.

ನಮ್ಮ ಪೆಟ್ಟಿಗೆಯ ವಿಷಯ

'ನಮ್ಮ ಪೆಟ್ಟಿಗೆಯಲ್ಲಿ ಅಂಥದ್ದೇನಿರುತ್ತದೆ' ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರೊಬ್ಬರ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿದರು. ಒಳಗಿಂದ ತೆಗೆಸಿದ್ದು ಏನು ಗೊತ್ತೇ? ಒಣಕೊಬ್ಬರಿ! ಅವರಿಗೆ ಸಿಟ್ಟೇ ಬಂತು. ಆದರೆ ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನ ಸಾಗಾಟದ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಅದರ ಹೆಸರಿದೆ.

ಪವರ್ ಬ್ಯಾಂಕಿನ ಕಥೆಯೂ ಹಾಗೆಯೇ. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ಬಿಡಿಯಾಗಿ ಕಳುಹಿಸುವ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದನ್ನು 2016ರ ಏಪ್ರಿಲ್ 1ರಿಂದ ನಿಷೇಧಿಸಲಾಗಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮೇಲೆ ಹೊಗೆ ಬಂದರೆ ಯಾರಾದರೂ ನೋಡುತ್ತಾರೆ. ಕೆಳಗೆ ನೋಡುವವರು ಯಾರು?

ಆದ್ದರಿಂದ ಸಹೋದರಿಯರೇ, ಮುಂದಿನ ಸಲ ಪೆಟ್ಟಿಗೆ ಕಟ್ಟುವಾಗ ಮೂರು ಮಾತು ನೆನಪಿರಲಿ. ಬೆಂಕಿಪೊಟ್ಟಣ, ಪಟಾಕಿ, ಗ್ಯಾಸ್ ಡಬ್ಬಿ, ಒಣಕೊಬ್ಬರಿ ಇಡಬೇಡಿ. ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಕೈಚೀಲಕ್ಕೆ ಹಾಕಿ. ನೆರೆಮನೆಯವರು ಕೊಟ್ಟ ಕಟ್ಟನ್ನು ಅವರ ಎದುರೇ ಬಿಚ್ಚಿ ನೋಡಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಮನಸ್ಸಿನವರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಆ ಕಟ್ಟನ್ನು ಒಯ್ಯದಿರುವುದೇ ಮೇಲು. ಅದರಲ್ಲಿ ಕಾನೂನು ಒಪ್ಪದ್ದೇನಾದರೂ ಸಿಕ್ಕರೆ ಪರದೇಶದ ಜೈಲು ಸೇರುವವನು ಅದನ್ನು ಹೊತ್ತವನೇ.

ಇನ್ನೊಬ್ಬರ ಪೆಟ್ಟಿಗೆ ನಮ್ಮ ಕೈಯಲ್ಲಿ ಅಮಾನತ್ ಎಂದು ನಾವು ಹೇಳುತ್ತೇವೆ. ವಿಮಾನದಲ್ಲಿ ಅದಕ್ಕಿಂತ ದೊಡ್ಡ ಅಮಾನತ್ ಇದೆ. ನಮ್ಮ ಪೆಟ್ಟಿಗೆಯ ಮೇಲೆ ಯಾರದೋ ತಾಯಿ, ಯಾರದೋ ಮಗು ಕುಳಿತಿರುತ್ತಾರೆ. ನಮ್ಮ ಮಗ ಕುಳಿತದ್ದೂ ಇನ್ನಾರೋ ಕಟ್ಟಿದ ಪೆಟ್ಟಿಗೆಯ ಮೇಲೆಯೇ.