ಪಂಪಿನ ಮೋಟಾರನ್ನು ನಿಲ್ಲಿಸುವ ಕ್ರಮ

ವಿದ್ಯುಚ್ಛಕ್ತಿಯಿಂದ ನೀರೆತ್ತುವ ರೈತರು ಮೋಟಾರನ್ನು ಹೊರಡಿಸುವಾಗ ವಹಿಸುವಷ್ಟು ಎಚ್ಚರಿಕೆಯನ್ನು ಅದನ್ನು ನಿಲ್ಲಿಸುವಾಗ ವಹಿಸುವುದಿಲ್ಲ. ತೋಟವು ದಿಣ್ಣೆಯ ಮೇಲಿದ್ದು ಬಾವಿಯಿಂದ ಉದ್ದವಾದ ಕೊಳವೆ ಹೋಗಿರುವ ಕಡೆಗಳಲ್ಲಿ, ಸ್ವಿಚ್ಚನ್ನು ತೆಗೆದೊಡನೆಯೇ ಧಡ್ಡೆಂದು ಶಬ್ದವಾಗುವುದನ್ನು ಅನೇಕರು ಕೇಳಿರಬಹುದು. ಕೊಳವೆಯ ಕೀಲು ಬಿಡುವುದಕ್ಕೂ ವಾಲ್ವು ಒಡೆಯುವುದಕ್ಕೂ ಈ ಏಟು ಕಾರಣವಾಗುತ್ತದೆ.

ಪಂಪಿನ ತಿರುಗುವ ಭಾಗಗಳು ಹಗುರವಾದವು. ಶಕ್ತಿ ತಪ್ಪಿದೊಡನೆ ಬಹು ಬೇಗ ನಿಲ್ಲುತ್ತವೆ. ಕೊಳವೆಯೊಳಗಿನ ನೀರಾದರೋ ಬಹು ಭಾರವಾದುದು. ಅದು ಸ್ವಲ್ಪ ದೂರ ಮುಂದೆ ಹೋಗಿ, ಹಿಂದಿರುಗಿ, ಮುಚ್ಚಿಕೊಳ್ಳುವ ವಾಲ್ವಿಗೆ ಬಡಿಯುತ್ತದೆ. ಇದಕ್ಕೆ ಜಲಾಘಾತವೆಂದು ಹೆಸರು. ರಷ್ಯಾ ದೇಶದ ಜುಕೋವ್‌ಸ್ಕಿ ಎಂಬ ವಿದ್ವಾಂಸರು ಮಾಸ್ಕೋ ನಗರದ ಕೊಳವೆಗಳಲ್ಲಿ ಪರೀಕ್ಷೆ ನಡೆಸಿ 1898ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಆ ಪ್ರಕಾರ, ಸೆಕೆಂಡಿಗೆ 1 ಮೀಟರು ವೇಗದಿಂದ ಉಕ್ಕಿನ ಕೊಳವೆಯಲ್ಲಿ ಹರಿಯುವ ನೀರನ್ನು ಥಟ್ಟನೆ ತಡೆದರೆ, ಸುಮಾರು 100 ಮೀಟರು ಎತ್ತರದ ನೀರಿನಷ್ಟು ಒತ್ತಡವು ಅಧಿಕವಾಗಿ ಬೀಳುತ್ತದೆ. ಪಿ.ವಿ.ಸಿ. ಕೊಳವೆಯಲ್ಲಿ ಇದು ಅರ್ಧಕ್ಕಿಂತ ಕಡಿಮೆ. ಆದರೆ ಅದರ ತಾಳಿಕೆಯೂ ಕಡಿಮೆಯೇ.

ಇದರ ನಿವಾರಣೆಗಾಗಿ ಸಾಫ್ಟ್ ಸ್ಟಾರ್ಟರ್ ಎಂಬ ಉಪಕರಣಗಳು ದೊರೆಯುತ್ತವೆ. ಕೊಳ್ಳುವವರು ಇವುಗಳಲ್ಲಿರುವ ಒಂದು ಭೇದವನ್ನು ಅರಿತಿರತಕ್ಕದ್ದು. ಕೆಲವು ಉಪಕರಣಗಳು ನಿಲ್ಲಿಸುವಾಗ ವೋಲ್ಟೇಜನ್ನು ಮಾತ್ರ ಕ್ರಮವಾಗಿ ಇಳಿಸುತ್ತವೆ. ಮೋಟಾರಿನ ತಿರುಗುಬಲವು, ಅಂದರೆ ಯಂತ್ರಜ್ಞರು ಟಾರ್ಕ್ ಎನ್ನುವುದು, ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ವೋಲ್ಟೇಜು ನೂರರಿಂದ ಎಪ್ಪತ್ತಕ್ಕಿಳಿದರೆ ಬಲವು ಅರ್ಧವಾಗುತ್ತದೆ. ಆದರೆ ಸಾಮಾನ್ಯವಾದ ಮೋಟಾರಿಗೆ ತನ್ನ ಹೊರೆಯ ಎರಡರಷ್ಟು ಬಲವಿರುವುದರಿಂದ, ಅಲ್ಲಿಯವರೆಗೆ ಅದು ಬಹುಮಟ್ಟಿಗೆ ಪೂರ್ಣ ವೇಗದಲ್ಲಿಯೇ ತಿರುಗುತ್ತಿದ್ದು, ಆಮೇಲೆ, ಏರಿನಲ್ಲಿ ಗಾಡಿಯೆಳೆಯುವ ಎತ್ತು ಕಡೆಯವರೆಗೂ ಎಳೆದು ಒಮ್ಮೆಗೇ ಮಂಡಿಯೂರುವಂತೆ ಸೋತುಬಿಡುತ್ತದೆ. ಏಟು ತಪ್ಪಲಿಲ್ಲ; ತಡವಾಯಿತಷ್ಟೆ. ಬೇರೆ ಕೆಲವು ತಿರುಗುಬಲವನ್ನೇ ಲೆಕ್ಕಹಾಕುತ್ತ ಅದನ್ನು ಸಮನಾಗಿ ಇಳಿಸುತ್ತವೆ. ಆಗ ವೇಗವೂ ನೀರೂ ಮೆಲ್ಲಮೆಲ್ಲನೆ ತಗ್ಗುತ್ತವೆ. ದಿಣ್ಣೆಯ ತೋಟಕ್ಕೆ ಬೇಕಾದದ್ದು ಈ ಎರಡನೆಯ ಬಗೆ. ಅಂಗಡಿಯವನು ತಾನಾಗಿ ಈ ಭೇದವನ್ನು ಹೇಳದಿದ್ದರೆ ಕೇಳಿಯೇ ತಿಳಿಯತಕ್ಕದ್ದು.

ಆದರೂ, ಲೈನಿನಲ್ಲಿಯೇ ಶಕ್ತಿ ನಿಂತುಹೋದರೆ ಯಾವ ಸ್ಟಾರ್ಟರೂ ಏನೂ ಮಾಡಲಾರದು. ಆದಕಾರಣ ಪಂಪಿನ ಬಳಿ, ನೀರು ಹಿಂದಿರುಗುವ ಮೊದಲೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ವಾಲ್ವು ಇರಬೇಕು. ಆ ವಾಲ್ವು ಸೋರುತ್ತಿದ್ದರೆ, ಇಳಿದುಬರುವ ನೀರು ಪಂಪನ್ನು ಹಿಮ್ಮುಖವಾಗಿ ತಿರುಗಿಸುವುದುಂಟು; ಅದೇ ಕ್ಷಣದಲ್ಲಿ ಶಕ್ತಿ ಬಂದು ಮೋಟಾರು ಹೊರಟರೆ ದಂಡವು ಮುರಿಯಬಹುದು. ತಾನಾಗಿಯೇ ಹೊರಡುವ ಸ್ಟಾರ್ಟರುಗಳನ್ನು ಇಟ್ಟಿರುವವರು ಕೆಲವು ನಿಮಿಷಗಳ ವಿಳಂಬವನ್ನು ಅದರಲ್ಲಿ ಏರ್ಪಡಿಸಿಕೊಳ್ಳತಕ್ಕದ್ದು.

ಮೇವು ಕತ್ತರಿಸುವ ಯಂತ್ರದ ಸಂಗತಿ ಇದಕ್ಕೆ ವಿರುದ್ಧ. ಅದರ ಭಾರವಾದ ಚಕ್ರವು ಸ್ವಿಚ್ಚು ತೆಗೆದ ಮೇಲೂ ಬಹಳ ಹೊತ್ತು ತಿರುಗುತ್ತದೆ. ಅದಕ್ಕೆ ಬೇಕಾದದ್ದು ಬ್ರೇಕು. ಚಕ್ರವು ಪೂರ್ಣವಾಗಿ ನಿಲ್ಲುವವರೆಗೆ ಆಳುಗಳು ಕೈಯಿಡದಂತೆ ಯಜಮಾನರು ನೋಡಿಕೊಳ್ಳತಕ್ಕದ್ದು.

ಹೊಸ ಉಪಕರಣ ಕೊಳ್ಳಲು ಅನುಕೂಲವಿಲ್ಲದವರು, ಬಾವಿಯ ದಡದಲ್ಲಿರುವ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಾದರೆ, ಮೊದಲು ಗೇಟು ವಾಲ್ವನ್ನು ನಿಧಾನವಾಗಿ ಮುಚ್ಚಿ, ಕೂಡಲೇ ಸ್ವಿಚ್ಚನ್ನು ತೆಗೆಯಬಹುದು.