ಹಡಗು ಏರುವ ಮುನ್ನ ಎರಡು ದಿನ

ಸಾಂತಾಕ್ರೂಜ್‌ನ ನಿವೃತ್ತ ದಂಪತಿಗಳು ಬಾರ್ಸಿಲೋನಾದಿಂದ ಹೊರಡುವ ವಿಹಾರನೌಕೆಯನ್ನು ಏರಬಯಸಿದರೆ, ವಿಮಾನದ ಟಿಕೆಟನ್ನೂ ಅನೇಕ ಹಡಗು ಕಂಪನಿಗಳೇ ಒದಗಿಸುತ್ತವೆ. ಆದರೆ ಹಡಗು ಹೊರಡುವ ದಿನವೇ ಅಲ್ಲಿ ಇಳಿಯುವುದು ಹಿತಕರವಲ್ಲ. ವಿಮಾನ ತಡವಾದರೆ ಹಡಗು ತಪ್ಪೀತು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ನಿದ್ರೆಯೂ ಕೆಡುತ್ತದೆ. 4 ಗಂಟೆ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿದೆ.

ಆದುದರಿಂದ ಎರಡು ದಿನ ಮುಂಚಿತವಾಗಿ ತಲುಪುವ ಏರ್ಪಾಡನ್ನು ಟಿಕೆಟ್ ಮಾಡಿಸುವಾಗಲೇ ಕೇಳಬೇಕು. ಇದಕ್ಕೆ ಪ್ರತ್ಯೇಕ ಶುಲ್ಕವಿರಬಹುದು. ಆ ದಿನಗಳ ಹೋಟೆಲು, ಬಂದರಿಗೆ ಒಯ್ಯುವ ವಾಹನ ಯಾರ ಹೊಣೆ, ವಿಮೆ ಆ ದಿನಗಳಿಗೂ ಅನ್ವಯಿಸುವುದೇ ಎಂಬುದನ್ನು ಬರಹದಲ್ಲಿ ಪಡೆಯತಕ್ಕದ್ದು. ಮಧುಮೇಹ, ರಕ್ತದೊತ್ತಡದ ಔಷಧಿಗಳನ್ನು ಈ ಹೆಚ್ಚಿನ ದಿನಗಳಿಗೂ ಲೆಕ್ಕಹಾಕಿ ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು.